ನಡುಗಡಲಿನಲ್ಲಿ ಹಾಯಿದೋಣಿಯ ಉಪಕರಣ ಕೈಕೊಟ್ಟರೆ: ಯಾವುದು ಮೊದಲು, ಯಾವುದು ಆಮೇಲೆ

ದೂರದ ಸಮುದ್ರಯಾನ ಮಾಡುವವರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. “ಚುಕ್ಕಾಣಿಯ ಕೇಬಲ್ ತುಂಡಾಯಿತು. ಕೂಡಲೇ ಟೂಲ್‌ಬಾಕ್ಸ್ ತೆಗೆದು ರಿಪೇರಿಗೆ ಕೂತೆವು. ಆದರೂ ಪರಿಸ್ಥಿತಿ ಕೈಮೀರಿತು. ಎಲ್ಲಿ ತಪ್ಪಿತು?” ಹೆಚ್ಚಿನ ಸಲ ತಪ್ಪಿದ್ದು ರಿಪೇರಿಯಲ್ಲಿ ಅಲ್ಲ, ಕ್ರಮದಲ್ಲಿ. ದೋಣಿ ಅಡ್ಡಾದಿಡ್ಡಿ ಓಡುತ್ತಿರುವಾಗಲೇ ಟೂಲ್‌ಬಾಕ್ಸ್ ತೆರೆದರೆ ಬೆರಳು ಜಜ್ಜುತ್ತದೆ, ಬೋಲ್ಟ್ ನೀರಿಗೆ ಬೀಳುತ್ತದೆ, ಒಂದು ಕೆಟ್ಟಿದ್ದು ಮೂರಾಗುತ್ತದೆ.

ಹಾಗಾಗಿ ಇಲ್ಲಿ ಕ್ರಮಕ್ಕೇ ಒತ್ತು. 30ರಿಂದ 50 ಅಡಿಯ ಹಾಯಿದೋಣಿ, ಇಬ್ಬರಿಂದ ನಾಲ್ವರು ಜನ, ದಡ ಕೆಲವು ದಿನಗಳಷ್ಟು ದೂರ ಎಂದು ಇಟ್ಟುಕೊಂಡು ಬರೆದಿದ್ದೇನೆ. ಮೊದಲ ನಾಲ್ಕು ಹಂತ ಏನೇ ಕೆಟ್ಟರೂ ಒಂದೇ. ಐದನೆಯದು ಕೆಟ್ಟ ವಸ್ತುವನ್ನು ಅವಲಂಬಿಸಿದೆ.

ಗಾಳಿ ಯಾವ ಕಡೆಯಿಂದ ಬೀಸುತ್ತದೋ ಅದನ್ನು ‘ಗಾಳಿಬದಿ’ ಎಂದೂ ಅದರ ಎದುರಿನದನ್ನು ‘ಮರೆಬದಿ’ ಎಂದೂ ಕರೆಯುತ್ತೇನೆ.

## ಹೊರಡುವ ಮೊದಲೇ ದೋಣಿಯಲ್ಲಿ ಇರಬೇಕಾದದ್ದು

ಸ್ಪ್ಯಾನರ್, ಸ್ಕ್ರೂಡ್ರೈವರ್ ಎಲ್ಲರ ಹತ್ತಿರವೂ ಇರುತ್ತವೆ. ಜನ ಮರೆಯುವುದು ಬೇರೆಯವನ್ನು.

ಕತ್ತರಿಸಲು: ಹ್ಯಾಕ್ಸಾ ಮತ್ತು ಕೈತುಂಬ ಹೊಸ ಬ್ಲೇಡ್. ಸ್ಟೇನ್‌ಲೆಸ್ ಸ್ಟೀಲ್ ಕೊಯ್ಯುವಾಗ ಬ್ಲೇಡ್ ಬಲುಬೇಗ ಮೊಂಡಾಗುತ್ತದೆ. ಕೂವೆಮರವನ್ನು, ಅಂದರೆ ಹಾಯಿ ಹೊರುವ ಕಂಬವನ್ನು, ಹಿಡಿದಿರುವ ತಂತಿಗೆ ಸರಿಹೊಂದುವ ಹೈಡ್ರಾಲಿಕ್ ಕಟರ್, ಪಿನ್ ಹೊಡೆಯುವ ಪಂಚ್, ಸುತ್ತಿಗೆ.

ಕಟ್ಟಲು: 6 ಮತ್ತು 8 ಮಿ.ಮೀ. ಡೈನೀಮಾ (ಬಲು ಗಟ್ಟಿಯಾದ ಕೃತಕ ನಾರಿನ) ಹಗ್ಗ, ತಂತಿಗೆ ಹಾಕುವ ಯು-ಕ್ಲ್ಯಾಂಪ್, ಬೇರೆ ಬೇರೆ ಅಳತೆಯ ಹೋಸ್ ಕ್ಲಿಪ್, ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್, ಹಳೆಯ ಸೈಕಲ್ ಟ್ಯೂಬ್.

ಮುಚ್ಚಲು: ಮೆದು ಮರದ ಬಿರಡೆ, ನೀರಿನೊಳಗೂ ಗಟ್ಟಿಯಾಗುವ ಎಪಾಕ್ಸಿ, ಒಂದು ತುಂಡು ದಪ್ಪ ರಬ್ಬರ್ ಹಾಳೆ. ಬಿರಡೆಗಳನ್ನು ಒಂದೇ ಡಬ್ಬಿಯಲ್ಲಿ ಇಡಬೇಡಿ. ದೋಣಿಯ ತಳದಲ್ಲಿರುವ ಪ್ರತಿ ವಾಲ್ವ್‌ನ ಪಕ್ಕದಲ್ಲೇ ಅದರ ಅಳತೆಯ ಬಿರಡೆಯನ್ನು ದಾರದಲ್ಲಿ ಕಟ್ಟಿ.

ಹುಡುಕಲು: ಮಲ್ಟಿಮೀಟರ್, ತಲೆಗೆ ಕಟ್ಟುವ ಟಾರ್ಚ್ ಎರಡು, ಚಿಕ್ಕ ಕನ್ನಡಿ.

ಇವಲ್ಲದೆ ಎಂಜಿನ್‌ನ ತಂಪು ನೀರಿನ ಪಂಪಿನ ಇಂಪೆಲ್ಲರ್, ಬೆಲ್ಟ್, ಡೀಸೆಲ್ ಫಿಲ್ಟರ್, ಫ್ಯೂಸ್ ಇರಲಿ. ಪ್ರತಿ ಟೂಲ್‌ಗೂ ಮಣಿಕಟ್ಟಿಗೆ ಸಿಕ್ಕಿಸುವ ದಾರ ಇರಲಿ.

ಟಿಲ್ಲರ್ ಎಂದರೆ ಚುಕ್ಕಾಣಿ ತಿರುಗಿಸುವ ಹಿಡಿಕೋಲು. ವೀಲ್ ಕೆಲಸ ಮಾಡದಾಗ ಹಾಕುವ ಎಮರ್ಜೆನ್ಸಿ ಟಿಲ್ಲರ್ ಬಗ್ಗೆ ಮಾತ್ರ ಬೇರೆಯಾಗಿಯೇ ಹೇಳಬೇಕು. ಅದನ್ನು ಬಂದರಿನಲ್ಲೇ ಹಾಕಿ ನೋಡಿ. ಎಷ್ಟೋ ದೋಣಿಗಳಲ್ಲಿ ಅದು ವೀಲ್‌ಗೆ ತಾಗುತ್ತದೆ, ಅಥವಾ ಡೆಕ್ಕಿನ ಮುಚ್ಚಳ ತುಕ್ಕು ಹಿಡಿದು ತೆರೆಯುವುದೇ ಇಲ್ಲ. ನಿಂತ ನೀರಿನಲ್ಲಿ ಹಾಕಿ ನೋಡಿದರೆ ಸಾಲದು. ಅಲೆಯಿರುವ ದಿನ ಅದೊಂದರಿಂದಲೇ ಒಂದು ಗಂಟೆ ದೋಣಿ ನಡೆಸಿ. ಎಷ್ಟು ಬಲ ಬೇಕು, ಹಗ್ಗ ಕಟ್ಟಿ ವಿಂಚ್‌ಗೆ (ಹಗ್ಗ ಎಳೆಯುವ ಉರುಳೆಗೆ) ಒಯ್ಯಬೇಕಾ ಎಂಬುದು ಆಗಲೇ ಗೊತ್ತಾಗುವುದು.

## ಹಂತ 1: ದೋಣಿಯ ಓಟ ನಿಲ್ಲಿಸಿ

ಏನೋ ಮುರಿದ ಸದ್ದು ಕೇಳಿಸಿತು. ಮೊದಲ ಕೆಲಸ ದೋಣಿಯ ವೇಗ ಇಳಿಸುವುದು. ಇದಕ್ಕೊಂದು ಅಪವಾದವಿದೆ: ಕೂವೆಮರ ಹಿಡಿದಿರುವ ತಂತಿ ತುಂಡಾದರೆ ಕೆಲವು ಸೆಕೆಂಡುಗಳಲ್ಲಿ ಬೇರೆ ಕೆಲಸ ಆಗಬೇಕು. ಅದು ಐದನೇ ಹಂತದಲ್ಲಿದೆ. ಅದನ್ನು ಈಗಲೇ ಓದಿ ಬಾಯಿಪಾಠ ಮಾಡಿಕೊಳ್ಳಿ.

ಚುಕ್ಕಾಣಿ ಸರಿ ಇದ್ದರೆ ‘ಹೀವ್-ಟು’ ಮಾಡಿ:

1. ಕೂವೆಯ ಹಿಂದಿನ ಮುಖ್ಯ ಹಾಯಿಯಾದ ಮೇನ್‌ಸೇಲ್‌ಗೆ ರೀಫ್ ಹಾಕಿ, ಅಂದರೆ ಹಾಯಿಯನ್ನು ಚಿಕ್ಕದು ಮಾಡಿ.
2. ಗಾಳಿಗೆ ಆದಷ್ಟು ಎದುರಾಗಿ ನಡೆಸುತ್ತಾ ನಿಧಾನಕ್ಕೆ ಟ್ಯಾಕ್ ಮಾಡಿ, ಅಂದರೆ ದೋಣಿಯ ಮುಂತುದಿಯನ್ನು ಗಾಳಿಗೆ ಎದುರಾಗಿ ದಾಟಿಸಿ ಇನ್ನೊಂದು ಬದಿಗೆ ತಿರುಗಿಸಿ. ಮುಂದಿನ ಹಾಯಿಯಾದ ಜಿಬ್‌ನ ಹಗ್ಗ ಮಾತ್ರ ಬಿಡಬೇಡಿ. ಜಿಬ್ ಗಾಳಿಬದಿಯಲ್ಲೇ ಉಳಿದು ಹಿಮ್ಮುಖವಾಗಿ ಉಬ್ಬುತ್ತದೆ.
3. ಮೇನ್‌ಸೇಲ್ ಸ್ವಲ್ಪ ಸಡಿಲ ಬಿಡಿ. ಓಟ ಸತ್ತ ಮೇಲೆ ಟಿಲ್ಲರ್ ಇದ್ದರೆ ಮರೆಬದಿಗೆ ಕಟ್ಟಿ. ವೀಲ್ ಇದ್ದರೆ ಗಾಳಿಬದಿಗೆ ಪೂರ್ತಿ ತಿರುಗಿಸಿ ಲಾಕ್ ಮಾಡಿ.

ಜಿಬ್ ದೋಣಿಯ ಮುಂಭಾಗವನ್ನು ಗಾಳಿಯಿಂದಾಚೆ ತಳ್ಳುತ್ತದೆ. ಚುಕ್ಕಾಣಿ ಗಾಳಿಯ ಕಡೆ ತಿರುಗಿಸುತ್ತದೆ. ಎರಡೂ ಸಮವಾಗಿ ದೋಣಿ ಒಂದೆರಡು ನಾಟ್ ವೇಗದಲ್ಲಿ ಸುಮ್ನೆ ತೇಲುತ್ತದೆ. ಮೊದಲ ಸಲ ಮಾಡಿದವರಿಗೆ ಆಶ್ಚರ್ಯವಾಗುವಷ್ಟು ಕುಲುಕಾಟ ಕಡಿಮೆಯಾಗುತ್ತದೆ. ಅಡುಗೆ ಮಾಡಬಹುದು, ನಿದ್ದೆ ಮಾಡಬಹುದು, ರಿಪೇರಿಯಂತೂ ಖಂಡಿತ ಮಾಡಬಹುದು.

ಜಿಬ್, ಮೇನ್ ಎಷ್ಟೆಷ್ಟು ಎಂಬ ಲೆಕ್ಕ ಒಂದೊಂದು ದೋಣಿಗೆ ಒಂದೊಂದು ತರ. ಒಳ್ಳೆಯ ಹವೆಯ ದಿನವೇ ಅಭ್ಯಾಸ ಮಾಡಿ ಲಾಗ್‌ಬುಕ್‌ನಲ್ಲಿ ಬರೆದಿಡಿ.

ಎಚ್ಚರ: ಗಂಟೆಗೆ ಒಂದೆರಡು ಮೈಲಿ ಎಂದರೆ 10 ಗಂಟೆಯಲ್ಲಿ 10ರಿಂದ 20 ನಾಟಿಕಲ್ ಮೈಲಿ. ಮರೆಬದಿಯಲ್ಲಿ ಅಷ್ಟರೊಳಗೆ ದಡವೋ ಬಂಡೆಯೋ ಇದ್ದರೆ ಮೊದಲು ದೂರ ಸರಿಯಿರಿ.

ಚುಕ್ಕಾಣಿಯೇ ಹೋಗಿದ್ದರೆ ಹಾಯಿ ಇಳಿಸಿ. ಹಿಂಭಾಗದಿಂದ ಡ್ರೋಗ್ (ನೀರಿನಲ್ಲಿ ಎಳೆದು ವೇಗ ತಡೆಯುವ ಚೀಲ) ಅಥವಾ ಉದ್ದನೆಯ ದಪ್ಪ ಹಗ್ಗಗಳನ್ನು ನೀರಿಗೆ ಬಿಟ್ಟು ಎಳೆಸಿ. ದೋಣಿ ಅಲೆಗೆ ಅಡ್ಡ ತಿರುಗದಂತೆ ನೋಡಿಕೊಳ್ಳುವುದೇ ಆಗಿನ ಗುರಿ.

## ಹಂತ 2: ಮೊದಲು ಜನ, ಕೂಡಲೇ ನೀರು

ಎಲ್ಲರ ಹೆಸರು ಕೂಗಿ. ಎಲ್ಲರೂ ದೋಣಿಯಲ್ಲಿದ್ದಾರಾ, ಪೆಟ್ಟಾಗಿದೆಯಾ, ಮೈಯನ್ನು ದೋಣಿಗೆ ಕಟ್ಟಿಡುವ ಹಾರ್ನೆಸ್ ಸಿಕ್ಕಿಸಿಕೊಂಡಿದ್ದಾರಾ? ಹಗಲಾದರೂ, ಗಾಳಿ ಕಡಿಮೆಯಿದ್ದರೂ ಸಿಕ್ಕಿಸಿಕೊಳ್ಳಲಿ. ರಿಪೇರಿಯ ಗಡಿಬಿಡಿಯಲ್ಲಿ ಕಾಲಿನ ಕಡೆ ಯಾರ ಗಮನವೂ ಇರುವುದಿಲ್ಲ.

ಆಮೇಲೆ ಒಬ್ಬರು ಕೆಳಗಿಳಿದು ನೆಲದ ಹಲಗೆ ಎತ್ತಿ ನೋಡಬೇಕು. ಕೆಟ್ಟಿದ್ದು ರೇಡಿಯೊ ಆದರೂ ಸರಿ, ನೋಡಲೇಬೇಕು. ನೀರು ನುಗ್ಗಿ ಬ್ಯಾಟರಿ ಮುಳುಗಿದ್ದರಿಂದಲೇ ರೇಡಿಯೊ ಸತ್ತಿರಬಹುದಲ್ವಾ?

ನೀರಿದ್ದರೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ. ಸಪ್ಪೆಯಾದರೆ ಕುಡಿಯುವ ನೀರಿನ ಟ್ಯಾಂಕ್ ಸೋರುತ್ತಿದೆ. ಉಪ್ಪಾದರೆ ಸಮುದ್ರ ಒಳಗೆ ಬರುತ್ತಿದೆ. ಆಗ ಈ ಲೆಕ್ಕ ನೆನಪಿರಲಿ: ನೀರಿನ ಮಟ್ಟಕ್ಕಿಂತ 60 ಸೆಂ.ಮೀ. ಕೆಳಗೆ 50 ಮಿ.ಮೀ. ಅಗಲದ ಒಂದು ತೂತಾದರೆ ನಿಮಿಷಕ್ಕೆ ಸುಮಾರು 250 ಲೀಟರ್ ನೀರು ಒಳಗೆ ಬರುತ್ತದೆ. ಹತ್ತು ನಿಮಿಷಕ್ಕೆ ಎರಡೂವರೆ ಟನ್. ದೋಣಿಯ ತಳದ ನೀರು ಹೊರಹಾಕುವ ಬಿಲ್ಜ್ ಪಂಪಿನ ಮೇಲೆ ಬರೆದಿರುವ ಅಳತೆ, ನೀರನ್ನು ಮೇಲಕ್ಕೆತ್ತುವ ಕೆಲಸವಿಲ್ಲದಾಗಿನದು. ಪೈಪಿನಲ್ಲಿ ಒಂದೂವರೆ ಮೀಟರ್ ಮೇಲಕ್ಕೆ ತಳ್ಳುವಾಗ ಅದರಲ್ಲಿ ಬಹಳಷ್ಟು ಕಡಿತವಾಗುತ್ತದೆ. ಪಂಪ್ ನಿಮಗೆ ಸ್ವಲ್ಪ ಸಮಯ ಕೊಡುತ್ತದೆ, ಅಷ್ಟೇ. ದೋಣಿ ಉಳಿಯುವುದು ತೂತು ಮುಚ್ಚಿದರೆ.

ಹುಡುಕುವ ಕ್ರಮ ಹೀಗಿರಲಿ. ಮೊದಲು ಎಲ್ಲ ವಾಲ್ವ್ ಮುಚ್ಚಿ. ಆಗ ಒಡೆದ ಹೋಸ್‌ಗಳೆಲ್ಲ ಒಟ್ಟಿಗೇ ನಿಲ್ಲುತ್ತವೆ. ಎಂಜಿನ್ ಓಡುತ್ತಿದ್ದರೆ ಅದರ ತಂಪು ನೀರಿನ ವಾಲ್ವ್ ಮುಚ್ಚುವ ಮೊದಲು ಎಂಜಿನ್ ನಿಲ್ಲಿಸಿ. ಆಮೇಲೆ ಪ್ರೊಪೆಲ್ಲರ್ ಶಾಫ್ಟ್ ಹೊರಹೋಗುವ ಜಾಗ, ಚುಕ್ಕಾಣಿಯ ದಂಡ ಒಳಬರುವ ಕೊಳವೆ, ವೇಗ ಅಳೆಯುವ ಸೆನ್ಸರ್‌ನ ತೂತು, ಟಾಯ್ಲೆಟ್ ಹೋಸ್. ನೀರು ಇನ್ನೂ ಕಡಿಮೆಯಿರುವಾಗಲೇ ಇದನ್ನು ಮಾಡಬೇಕು. ಮೊಣಕಾಲು ಮಟ್ಟಕ್ಕೆ ಬಂದ ಮೇಲೆ ಎಲ್ಲಿಂದ ಬರುತ್ತಿದೆ ಎಂಬುದೇ ಕಾಣುವುದಿಲ್ಲ.

## ಹಂತ 3: ದಡಕ್ಕೆ ಸುದ್ದಿ ಮುಟ್ಟಿಸಿ

ಎಲ್ಲ ಕೈಮೀರಿದ ಮೇಲೆ ಹೇಳೋಣ ಎಂದು ಕಾಯುವವರೇ ಜಾಸ್ತಿ. ಬ್ಯಾಟರಿ ಇರುವಾಗ, ಆಂಟೆನಾ ನಿಂತಿರುವಾಗ, ತಲೆ ಸರಿ ಇರುವಾಗಲೇ ಹೇಳಿ. ಜೀವಕ್ಕೆ ಅಪಾಯವಿಲ್ಲ ಆದರೆ ತೊಂದರೆ ಇದೆ ಎಂದಾದರೆ ರೇಡಿಯೊದಲ್ಲಿ ‘ಪ್ಯಾನ್ ಪ್ಯಾನ್’ ಎಂದು ಮೂರು ಸಲ. ಜೀವ ಅಥವಾ ದೋಣಿ ಹೋಗುವ ಸ್ಥಿತಿಯಾದರೆ ‘ಮೇಡೇ’ ಮೂರು ಸಲ. ವಿಎಚ್‌ಎಫ್ ರೇಡಿಯೊದ ಚಾನೆಲ್ 16ರಲ್ಲಿ ಹೇಳಿ. ಇದರ ಸದ್ದು ಹತ್ತಾರು ಮೈಲಿಯಷ್ಟೇ ಹೋಗುತ್ತದೆ. ಅದರಾಚೆಗೆ ಸ್ಯಾಟಲೈಟ್ ಫೋನ್ ಅಥವಾ ಸ್ಯಾಟಲೈಟ್ ಮೆಸೇಜ್ ಸಾಧನ ಬೇಕು.

ಎಲ್ಲಿದ್ದೀರಿ, ಏನಾಗಿದೆ, ಎಷ್ಟು ಜನ, ಪೆಟ್ಟಾಗಿದೆಯಾ, ಏನು ಬೇಕು: ಇಷ್ಟೇ ಸಾಕು. 2018ರ ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಭಾರತೀಯ ನೌಕಾಪಡೆಯ ಅಭಿಲಾಷ್ ಟೋಮಿ ಅವರ ‘ತುರಿಯ’ ದೋಣಿ ಮಗುಚಿ ಕೂವೆಮರ ಮುರಿಯಿತು. ಅವರು ಕಳಿಸಿದ ಮೊದಲ ಸಂದೇಶ ಕೆಲವೇ ಪದಗಳದ್ದು: ದೋಣಿ ಮಗುಚಿದೆ, ಕೂವೆ ಹೋಗಿದೆ, ಬೆನ್ನಿಗೆ ತೀವ್ರ ಪೆಟ್ಟು, ಏಳಲಾಗುತ್ತಿಲ್ಲ. ಸ್ಟ್ರೆಚರ್ ಬೇಕಾಗಬಹುದು ಎಂಬುದನ್ನು ಆಮೇಲಿನ ಸಂದೇಶದಲ್ಲಿ ತಿಳಿಸಿದರು. ಮೂರನೇ ದಿನ ಫ್ರಾನ್ಸ್‌ನ ಒಸಿರಿಸ್ ಹಡಗು ಅವರನ್ನು ಎತ್ತಿಕೊಂಡಿತು.

ಇನ್ನು ಎಪರ್ಬ್. ಇದು 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಆಪತ್ತಿನ ಸಂಕೇತ ಕಳಿಸುವ ಪೆಟ್ಟಿಗೆ. ಒಮ್ಮೆ ಆನ್ ಮಾಡಿದರೆ ಕನಿಷ್ಠ 48 ಗಂಟೆ ಓಡುತ್ತದೆ. ಭಾರತದ ಕೋಡ್ 419 ಹಾಕಿದ ಎಪರ್ಬ್‌ಗಳ ನೋಂದಣಿ ನಡೆಯುವುದು ನಮ್ಮ ಬೆಂಗಳೂರಿನಲ್ಲಿ, ಇಸ್ರೋದ ಇಸ್ಟ್ರಾಕ್ ಕೇಂದ್ರದಲ್ಲಿರುವ ಇಂಡಿಯನ್ ಮಿಷನ್ ಕಂಟ್ರೋಲ್ ಸೆಂಟರ್‌ನಲ್ಲಿ. ಹಳೆಯ ದೋಣಿಯನ್ನು ವಿದೇಶದಲ್ಲಿ ಕೊಂಡವರು ಇಲ್ಲಿ ಎಡವುತ್ತಾರೆ. ಪೆಟ್ಟಿಗೆಯಲ್ಲಿ ಹಿಂದಿನ ದೇಶದ ಕೋಡ್, ಹಿಂದಿನ ಮಾಲೀಕರ ಫೋನ್ ನಂಬರ್ ಹಾಗೇ ಉಳಿದಿರುತ್ತದೆ. ಆಗ ರಕ್ಷಣಾ ಕೇಂದ್ರದವರು ಯಾವ ದೋಣಿ, ಎಷ್ಟು ಜನ ಎಂದು ವಿಚಾರಿಸಲು ತಪ್ಪಾದ ಮನೆಗೆ ಫೋನ್ ಮಾಡುತ್ತಾರೆ. ಹೊರಡುವ ಮೊದಲೇ ಇದನ್ನು ಬದಲಿಸಿಕೊಳ್ಳಿ.

## ಹಂತ 4: ಮುಟ್ಟುವ ಮೊದಲು ನೋಡಿ

ಈಗಲೂ ಸ್ಪ್ಯಾನರ್ ಬೇಡ. ನೀರು ಕುಡಿಯಿರಿ, ಹತ್ತು ನಿಮಿಷ ಬರೀ ನೋಡಿ.

ಮುರಿದ ಭಾಗದ ಫೋಟೊ ತೆಗೆಯಿರಿ. ಯಾವುದು ಮೊದಲು ಮುರಿಯಿತು, ಯಾವುದು ಅದರಿಂದಾಗಿ ಮುರಿಯಿತು ಎಂದು ಬೇರೆ ಮಾಡಿ. ಕೇಬಲ್ ತುಂಡಾಗಿದೆ ಸರಿ, ಆದರೆ ಯಾಕೆ? ರಾಟೆ ತಿರುಗದೆ ಸಿಕ್ಕಿಹಾಕಿಕೊಂಡು ಕೇಬಲನ್ನು ತಿಂದಿದ್ದರೆ ಹೊಸ ಕೇಬಲ್ ಕೂಡ ಎರಡೇ ದಿನ ಬಾಳುತ್ತದೆ. ಮುರಿದ ಲೋಹದ ಮುಖ ನೋಡಿ. ಒಂದು ಭಾಗ ಕಪ್ಪಾಗಿ ಮಾಸಿದ್ದು ಇನ್ನೊಂದು ಭಾಗ ಹೊಳೆಯುತ್ತಿದ್ದರೆ, ಬಿರುಕು ಎಷ್ಟೋ ದಿನದಿಂದ ಇತ್ತು. ಎದುರು ಬದಿಯಲ್ಲಿರುವ ಅದೇ ತರದ ಭಾಗಕ್ಕೂ ಅಷ್ಟೇ ವಯಸ್ಸಾಗಿದೆ, ಅದನ್ನೂ ಪರೀಕ್ಷಿಸಿ.

ಆಮೇಲೆ ಮೂರು ಪ್ರಶ್ನೆ. ಇದಿಲ್ಲದೆ ಮುಂದಕ್ಕೆ ಹೋಗಬಹುದಾ? ಈಗಲೇ ಮಾಡಬೇಕಾ, ಬೆಳಗಾಗಲಿ, ಗಾಳಿ ಇಳಿಯಲಿ ಎಂದು ಕಾಯಬಹುದಾ? ರಿಪೇರಿ ಕೆಟ್ಟರೆ ಈಗಿರುವುದಕ್ಕಿಂತ ಕೆಟ್ಟ ಸ್ಥಿತಿ ಬರುತ್ತದಾ? ಕಾಯಬಹುದು ಎಂದಾದರೆ ಕಾಯಿರಿ. ರಾತ್ರಿ ಎರಡು ಗಂಟೆಗೆ ವಾಂತಿ ಬರುವ ಹೊತ್ತಿನಲ್ಲಿ ಬಿಚ್ಚಿದ ಪಂಪಿಗಿಂತ ಬೆಳಗ್ಗೆ ಏಳಕ್ಕೆ ಬಿಚ್ಚಿದ ಪಂಪ್ ಬೇಗ ಸರಿಹೋಗುತ್ತದೆ.

## ಹಂತ 5: ಕೆಟ್ಟದ್ದಕ್ಕೆ ತಕ್ಕ ತಾತ್ಕಾಲಿಕ ರಿಪೇರಿ

### ಚುಕ್ಕಾಣಿ

ಇದನ್ನೇ ದೀರ್ಘವಾಗಿ ಬರೆಯುತ್ತೇನೆ, ಏಕೆಂದರೆ ಜನ ಜಾಸ್ತಿ ಸೋಲುವುದು ಇಲ್ಲೇ. 2017–18ರಲ್ಲಿ ಭೂಪ್ರದಕ್ಷಿಣೆ ಮಾಡಿದ ನೌಕಾಪಡೆಯ ಆರು ಮಹಿಳೆಯರ ‘ತಾರಿಣಿ’ ದೋಣಿಗೂ ಗೋವಾ ತಲುಪುವ ಮೊದಲು ಸ್ಟೀರಿಂಗ್ ಕೈಕೊಟ್ಟಿತ್ತು. ಯೋಜನೆಯಲ್ಲಿ ಇಲ್ಲದಿದ್ದರೂ ಅವರು ಮಾರಿಷಸ್‌ನ ಪೋರ್ಟ್ ಲೂಯಿಸ್‌ನಲ್ಲಿ ನಿಂತು ಸರಿಮಾಡಿಸಿಕೊಂಡೇ ಮುಂದೆ ಹೊರಟರು.

ಮೊದಲು ಎಲ್ಲಿ ತಪ್ಪಿದೆ ನೋಡಿ. ವೀಲ್ ಸಡಿಲವಾಗಿ ಗಿರ್ರನೆ ತಿರುಗುತ್ತಿದೆಯಾ? ಕೇಬಲ್ ಅಥವಾ ಚೈನ್ ಹೋಗಿದೆ. ವೀಲ್ ಅಲುಗುತ್ತಲೇ ಇಲ್ಲವಾ? ಏನೋ ಸಿಕ್ಕಿಕೊಂಡಿದೆ. ವೀಲ್ ತಿರುಗಿ, ಒಳಗೆ ದಂಡವೂ ತಿರುಗಿ, ದೋಣಿ ಮಾತ್ರ ತಿರುಗುತ್ತಿಲ್ಲವಾ? ನೀರಿನೊಳಗಿನ ಹಲಗೆಯೇ ಹೋಗಿದೆ.

ಕೇಬಲ್ ಹೋಗಿದ್ದರೆ:

1. ಆಟೊಪೈಲಟ್‌ನ ಮೋಟಾರ್ ನೇರವಾಗಿ ಚುಕ್ಕಾಣಿಯ ದಂಡಕ್ಕೆ ಜೋಡಿಸಿದ್ದರೆ ಅದನ್ನು ಆನ್ ಮಾಡಿ ನೋಡಿ. ವೀಲ್ ಇಲ್ಲದೆಯೂ ದೋಣಿ ನಡೆಯಬಹುದು. ಆದರೆ ರಿಪೇರಿಗೆ ಕೈ ಹಾಕುವ ಮೊದಲು ಅದನ್ನು ಬ್ರೇಕರ್‌ನಲ್ಲೇ ಆಫ್ ಮಾಡಬೇಕು.
2. ಎಮರ್ಜೆನ್ಸಿ ಟಿಲ್ಲರ್ ಹಾಕಿ, ಅದನ್ನು ಎರಡೂ ಬದಿಗೆ ಹಗ್ಗದಿಂದ ಬಿಗಿಯಾಗಿ ಕಟ್ಟಿ. ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. ಡೆಕ್ಕಿನ ಕೆಳಗೆ ಕ್ವಾಡ್ರಂಟ್ ಎಂಬ ಲೋಹದ ಅರ್ಧಚಕ್ರವಿದೆ. ಅಲೆ ಬಡಿದಾಗ ಅದು ಒಮ್ಮೆಲೇ ತಿರುಗುತ್ತದೆ. ಅಲ್ಲಿ ಬೆರಳಿದ್ದರೆ ಬೆರಳು ಉಳಿಯುವುದಿಲ್ಲ.
3. ಹಳೆಯ ಕೇಬಲ್ ಬಿಚ್ಚುವ ಮೊದಲು ಅದು ಯಾವ ರಾಟೆಯ ಮೇಲೆ, ಯಾವ ಕಡೆಗೆ ಹೋಗಿದೆ ಎಂದು ಚಿತ್ರ ಬರೆದುಕೊಳ್ಳಿ. ಕೆಲವು ದೋಣಿಗಳಲ್ಲಿ ಎರಡು ಕೇಬಲ್ ಒಂದನ್ನೊಂದು ದಾಟಿ ಹೋಗುತ್ತವೆ. ತಪ್ಪಿ ಹಾಕಿದರೆ ಬಲಕ್ಕೆ ತಿರುಗಿಸಿದಾಗ ದೋಣಿ ಎಡಕ್ಕೆ ಹೋಗುತ್ತದೆ.
4. ಬಿಡಿ ಕೇಬಲ್ ಇಲ್ಲದಿದ್ದರೆ ಡೈನೀಮಾ ಹಾಕಿ. ಅದು ನುಣುಪು, ಸಾಮಾನ್ಯ ಗಂಟು ಜಾರುತ್ತದೆ. ತುದಿಯನ್ನು ಹೆಣೆದು ಕಣ್ಣು ಮಾಡಿ, ಹಗ್ಗ ಸವೆಯದಂತೆ ಒಳಗೆ ಥಿಂಬಲ್ ಎಂಬ ಲೋಹದ ಬಳೆ ಇಡಿ. ಹೆಣೆಯುವುದನ್ನು ಮನೆಯಲ್ಲೇ ಕಲಿತು ಬನ್ನಿ.
5. ಚುಕ್ಕಾಣಿ ನೇರವಾಗಿರುವಾಗ ವೀಲ್‌ನ ಮೇಲ್ತುದಿಗೆ ಟೇಪ್ ಸುತ್ತಿ ಗುರುತು ಮಾಡಿ, ಆಮೇಲೆ ಕೇಬಲ್ ಬಿಗಿಯಿರಿ. ಒಂದು ಗಂಟೆ ಬಳಸಿದ ಮೇಲೆ ಡೈನೀಮಾ ಸಡಿಲವಾಗುತ್ತದೆ, ಮತ್ತೆ ಬಿಗಿಯಿರಿ.

ಮುನ್ಸೂಚನೆ: ಟಿಶ್ಯೂ ಪೇಪರ್ ಒಂದನ್ನು ಸ್ಟೀಲ್ ಕೇಬಲ್ ಮೇಲೆ ಹಗುರವಾಗಿ ಉಜ್ಜಿ. ಎಳೆ ತುಂಡಾಗಿದ್ದರೆ ಪೇಪರ್ ಸಿಕ್ಕಿ ಚೂರು ಅಲ್ಲೇ ಉಳಿಯುತ್ತದೆ. ಬರಿಗೈಯಲ್ಲಿ ಉಜ್ಜಬೇಡಿ, ಆ ಎಳೆಗಳು ಸೂಜಿಯಂತಿರುತ್ತವೆ. ರಾಟೆಯ ಕೆಳಗೆ ಲೋಹದ ಪುಡಿ ಬಿದ್ದಿದ್ದರೆ ರಾಟೆ ಸಾಲಿನಲ್ಲಿಲ್ಲ ಎಂದರ್ಥ.

ನೀರಿನೊಳಗಿನ ಹಲಗೆಯೇ ಹೋಗಿದ್ದರೆ: ಮೊದಲು ಆ ದಂಡ ಒಳಬರುವ ಕೊಳವೆಯಿಂದ ನೀರು ಬರುತ್ತಿದೆಯಾ ನೋಡಿ. ಬರುತ್ತಿದ್ದರೆ ಅದನ್ನು ಮುಚ್ಚುವುದೇ ಮೊದಲ ಕೆಲಸ.

ಆಮೇಲೆ ದೋಣಿ ತಿರುಗಿಸುವ ದಾರಿ. ಬಾಗಿಲಿನ ಹಲಗೆಯನ್ನು ಸ್ಪಿನೇಕರ್ ಎಂಬ ದೊಡ್ಡ ಹಾಯಿಯ ಕಂಬಕ್ಕೆ ಬಿಗಿದು ಹಿಂದೆ ಹುಟ್ಟಿನ ತರ ಬಳಸಿ ಎಂಬ ಸಲಹೆ ಬಹಳ ಕಡೆ ಸಿಗುತ್ತದೆ. ನಾನು ಅದನ್ನು ಮೊದಲು ಸೂಚಿಸುವುದಿಲ್ಲ. ದೊಡ್ಡ ದೋಣಿಗೆ ಅಲೆಯಲ್ಲಿ ಅದರ ಮೇಲೆ ಬೀಳುವ ಬಲಕ್ಕೆ ಕಟ್ಟು ಬಿಚ್ಚುತ್ತದೆ ಅಥವಾ ಕಂಬ ಮುರಿಯುತ್ತದೆ. ಡ್ರೋಗ್‌ನಿಂದ ತಿರುಗಿಸುವುದು ಇದಕ್ಕಿಂತ ಎಷ್ಟೋ ಮೇಲು:

1. ಚಿಕ್ಕ ಡ್ರೋಗ್ ತೆಗೆದುಕೊಳ್ಳಿ. ಇಲ್ಲದಿದ್ದರೆ ಗಟ್ಟಿ ಹಿಡಿಯ ಬಕೆಟ್, ಅಥವಾ ಹಾಯಿಯ ಚೀಲದಲ್ಲಿ ಸ್ವಲ್ಪ ಚೈನ್.
2. ಅದಕ್ಕೆ ಎರಡು ಹಗ್ಗ ಕಟ್ಟಿ. ಒಂದನ್ನು ಎಡಬದಿಗೆ, ಇನ್ನೊಂದನ್ನು ಬಲಬದಿಗೆ ತನ್ನಿ. ದೋಣಿ ಅಗಲವಾಗಿರುವ ಜಾಗದ ಹತ್ತಿರ ಒಂದೊಂದು ಪುಲ್ಲಿ ಹಾಕಿ, ಅಲ್ಲಿಂದ ಹಗ್ಗವನ್ನು ವಿಂಚ್‌ಗೆ ಒಯ್ಯಿರಿ. ಹಗ್ಗವನ್ನು ತೀರಾ ಹಿಂದುಗಡೆಯಿಂದಲೇ ಬಿಟ್ಟರೆ ಡ್ರೋಗ್ ಹಿಂಭಾಗವನ್ನು ಹಿಡಿದು ನಿಲ್ಲಿಸುತ್ತದೆ, ತಿರುಗಲು ಬಿಡುವುದಿಲ್ಲ.
3. ದೋಣಿಯ ಉದ್ದದ ಒಂದೆರಡು ಪಟ್ಟು ಹಿಂದೆ ಡ್ರೋಗ್ ಬಿಡಿ. ನೀರಿನಿಂದ ಮೇಲೆ ಹಾರುತ್ತಿದ್ದರೆ ಇನ್ನಷ್ಟು ಬಿಡಿ, ಇಲ್ಲವೇ ಸ್ವಲ್ಪ ಭಾರ ಕಟ್ಟಿ.
4. ಬಲಗಡೆಯ ಹಗ್ಗ ಎಳೆದರೆ ಬಲಬದಿಗೆ ತಡೆ ಬಂದು ದೋಣಿ ಬಲಕ್ಕೆ ತಿರುಗುತ್ತದೆ. ಎಡಕ್ಕೂ ಹಾಗೇ.
5. ಮೇನ್‌ಸೇಲ್ ಬಹಳ ಚಿಕ್ಕದಾಗಿಸಿ ಅಥವಾ ಇಳಿಸಿ. ಮುಂದಿನ ಹಾಯಿಯೇ ಎಳೆಯಲಿ.

ಗಾಳಿ ಹಿಂದಿನಿಂದ ಅಥವಾ ಬದಿಯಿಂದ ಇದ್ದರೆ ಹೀಗೆ ನೂರಾರು ಮೈಲಿ ಹೋಗಬಹುದು. ಗಾಳಿಗೆ ಎದುರಾಗಿ ಹೋಗುವುದು ಕಷ್ಟ. ವೇಗ ಕಡಿಮೆಯಾಗುತ್ತದೆ, ಒಪ್ಪಿಕೊಳ್ಳಿ.

ಸಿಕ್ಕಿಕೊಂಡಿದ್ದರೆ: ಮೀನಿನ ಬಲೆಯೇ ಇರಬಹುದು. ಆದರೆ ಅಲೆ ಇರುವಾಗ ನೀರಿಗಿಳಿದು ನೋಡಬೇಡಿ. ದೋಣಿಯ ಹಿಂಭಾಗ ಎದ್ದು ಬೀಳುವಾಗ ಕೆಳಗಿದ್ದವರ ತಲೆಗೇ ಬಡಿಯುತ್ತದೆ. ಕೋಲಿಗೆ ಕ್ಯಾಮೆರಾ ಕಟ್ಟಿ ನೀರಿನಲ್ಲಿ ಅದ್ದಿ ನೋಡಿ. ಸಮುದ್ರ ಶಾಂತವಾಗುವವರೆಗೆ ಕಾಯಿರಿ.

### ಆಟೊಪೈಲಟ್ ಮತ್ತು ವಿಂಡ್‌ವೇನ್

ಎರಡೂ ದೋಣಿಯನ್ನು ತಾನಾಗಿ ನಡೆಸುವ ಸಾಧನಗಳು: ಆಟೊಪೈಲಟ್ ಕರೆಂಟಿನಿಂದ, ವಿಂಡ್‌ವೇನ್ ಗಾಳಿಯ ಬಲದಿಂದ. ಇವು ಕೆಟ್ಟರೆ ದೋಣಿಗೆ ಏನೂ ಆಗುವುದಿಲ್ಲ, ಜನ ಸುಸ್ತಾಗುತ್ತಾರೆ. ಇಬ್ಬರೇ ಇದ್ದು ಹಗಲು ರಾತ್ರಿ ಕೈಯಲ್ಲೇ ನಡೆಸಿದರೆ ಮೂರನೇ ದಿನಕ್ಕೆ ನಿರ್ಧಾರಗಳು ತಪ್ಪತೊಡಗುತ್ತವೆ. ಹಾಗಾಗಿ ಹೀವ್-ಟು ಮಾಡಿ ಇಬ್ಬರೂ ನಿದ್ದೆ ತೆಗೆಯುವುದನ್ನು ದಿನಚರಿಗೆ ಸೇರಿಸಿ.

ಟಿಲ್ಲರ್ ಇರುವ ದೋಣಿಯಾದರೆ ಜಿಬ್‌ನ ಹಗ್ಗದಿಂದ ಒಂದು ಕವಲನ್ನು ಗಾಳಿಬದಿಯ ಪುಲ್ಲಿಯ ಮೂಲಕ ಟಿಲ್ಲರ್‌ಗೆ ಕಟ್ಟಿ. ಮರೆಬದಿಯಿಂದ ಸೈಕಲ್ ಟ್ಯೂಬ್ ಎಳೆದು ಕಟ್ಟಿ. ಗಾಳಿ ಜೋರಾದಾಗ ಹಗ್ಗ ಟಿಲ್ಲರನ್ನು ಗಾಳಿಬದಿಗೆ ಎಳೆಯುತ್ತದೆ, ದೋಣಿ ಗಾಳಿಯಿಂದ ಆಚೆ ಸರಿಯುತ್ತದೆ. ಗಾಳಿ ಇಳಿದಾಗ ಟ್ಯೂಬ್ ವಾಪಸ್ ತರುತ್ತದೆ. ಸರಿಯಾದ ಬಿಗಿ ಸಿಗಲು ಅರ್ಧ ದಿನ ಹಿಡಿದರೂ ಹಿಡಿಯಲಿ.

ವಿಂಡ್‌ವೇನ್‌ನ ಹಲಗೆ ಮುರಿದರೆ ದೋಣಿಯ ಒಳಗಿನ ಮರವೇ ಬಿಡಿಭಾಗ. ಒಬ್ಬರೇ ಭೂಪ್ರದಕ್ಷಿಣೆ ಮಾಡುವ 2022–23ರ ಗೋಲ್ಡನ್ ಗ್ಲೋಬ್ ರೇಸ್‌ನಲ್ಲಿ ಅಭಿಲಾಷ್ ಟೋಮಿ ಅವರು ಟಾಯ್ಲೆಟ್ ಬಾಗಿಲು ಕತ್ತರಿಸಿ ವಿಂಡ್‌ವೇನ್‌ಗೆ ಭಾಗ ಮಾಡಿಕೊಂಡರು. ಎರಡನೆಯವರಾಗಿ ಗುರಿ ಮುಟ್ಟಿದರು.

### ಕೂವೆಮರದ ತಂತಿ

ಇಲ್ಲಿ ಸಿಗುವುದು ಕೆಲವೇ ಸೆಕೆಂಡು.

ಬದಿಯ ತಂತಿ ತುಂಡಾದರೆ: ಕೂಡಲೇ ಟ್ಯಾಕ್ ಮಾಡಿ. ಭಾರ ಇನ್ನೊಂದು ಬದಿಯ ತಂತಿಗೆ ಹೋಗುತ್ತದೆ.

ಮುಂದಿನ ತಂತಿ ತುಂಡಾದರೆ: ಗಾಳಿ ಹಿಂದಿನಿಂದ ಬರುವಂತೆ ದೋಣಿ ತಿರುಗಿಸಿ. ಜಿಬ್ ಇಳಿಸಬೇಡಿ, ಈಗ ಕೂವೆಯನ್ನು ಮುಂದಿನಿಂದ ಹಿಡಿದಿರುವುದು ಅದರ ಅಂಚು. ಬಿಡಿ ಹ್ಯಾಲ್ಯಾರ್ಡ್ (ಹಾಯಿ ಏರಿಸುವ ಹಗ್ಗ) ತಂದು ದೋಣಿಯ ಮುಂತುದಿಗೆ ಸಿಕ್ಕಿಸಿ ವಿಂಚ್‌ನಲ್ಲಿ ಬಿಗಿಯಿರಿ. ಆಮೇಲಷ್ಟೇ ಹಾಯಿಯ ಯೋಚನೆ.

ಹಿಂದಿನ ತಂತಿ ತುಂಡಾದರೆ: ಗಾಳಿಗೆ ಎದುರಾಗಿ ತಿರುಗಿಸಿ, ಮೇನ್‌ಸೇಲ್‌ನ ಹಗ್ಗ ಬಿಗಿಯಿರಿ. ಇಲ್ಲಿ ಇಳಿಸಬಾರದ್ದು ಮೇನ್‌ಸೇಲ್. ಬೂಮನ್ನು (ಮೇನ್‌ಸೇಲ್‌ನ ಕೆಳಗಿನ ಅಡ್ಡಕಂಬ) ಮೇಲಿನಿಂದ ಹಿಡಿದಿರುವ ಟಾಪಿಂಗ್ ಲಿಫ್ಟ್ ಹಗ್ಗವನ್ನು ದೋಣಿಯ ಹಿಂಭಾಗಕ್ಕೆ ಕಟ್ಟಿ.

ಗಾಬರಿಯಲ್ಲಿ ಹಾಯಿ ಇಳಿಸಿಬಿಡುವುದೇ ಇಲ್ಲಿ ಎಲ್ಲರೂ ಮಾಡುವ ತಪ್ಪು. ಹಾಯಿ ಇಳಿದ ಹಿಂದೆಯೇ ಕೂವೆಯೂ ಬರುತ್ತದೆ.

ತಂತಿಗೆ ಯು-ಕ್ಲ್ಯಾಂಪ್ ಹಾಕುವಾಗ ‘ಯು’ ಆಕಾರದ ಬೋಲ್ಟ್, ಮಡಚಿದ ತಂತಿಯ ಗಿಡ್ಡ ತುದಿಯ ಮೇಲೆ ಬರಬೇಕು. ಭಾರ ಹೊರುವ ಉದ್ದ ತಂತಿಯ ಮೇಲೆ ಚಪ್ಪಟೆ ಭಾಗ ಕೂರಬೇಕು. ತಿರುಗಿಸಿ ಹಾಕಿದರೆ ಭಾರ ಹೊರುವ ತಂತಿಯೇ ಜಜ್ಜಿಹೋಗುತ್ತದೆ.

ಕೂವೆಮರ ಬಿದ್ದೇ ಹೋದರೆ ಅದರ ಮುರಿದ ತುದಿ ದೋಣಿಯ ಬದಿಗೆ ಗುದ್ದುತ್ತಿರುತ್ತದೆ. ತೂತು ಬೀಳುವ ಅಪಾಯವಿದ್ದರೆ ಎಲ್ಲ ಬಿಟ್ಟು ಕತ್ತರಿಸಿ. ತಂತಿ ಕೊಯ್ಯುವುದಕ್ಕಿಂತ ಅದರ ಬುಡದ ಪಿನ್ ಹೊಡೆದು ಹೊರತೆಗೆಯುವುದು ಎಷ್ಟೋ ಸಲ ಬೇಗ ಆಗುತ್ತದೆ. ಸಾಧ್ಯವಾದರೆ ಬೂಮ್, ಹಗ್ಗಗಳು ಮತ್ತು ಒಂದು ಚಿಕ್ಕ ಹಾಯಿ ಉಳಿಸಿಕೊಳ್ಳಿ, ಬೂಮನ್ನೇ ನಿಲ್ಲಿಸಿ ತಾತ್ಕಾಲಿಕ ಕೂವೆ ಮಾಡಬಹುದು. ನೀರಿನಲ್ಲಿ ಒಂದೇ ಒಂದು ಹಗ್ಗ ಇದ್ದರೂ ಎಂಜಿನ್ ಗೇರ್‌ಗೆ ಹಾಕಬೇಡಿ, ಪ್ರೊಪೆಲ್ಲರ್‌ಗೆ ಸುತ್ತುತ್ತದೆ. ವಿಎಚ್‌ಎಫ್ ಆಂಟೆನಾ ಕೂವೆಯ ಜತೆಗೇ ಹೋಗಿರುತ್ತದೆ. ಬಿಡಿ ಆಂಟೆನಾ ಮತ್ತು ಕೈಯಲ್ಲಿ ಹಿಡಿಯುವ ರೇಡಿಯೊ ಇರಬೇಕು ಎನ್ನುವುದು ಇದಕ್ಕೇ.

### ಕರೆಂಟ್

ಫ್ರಿಜ್, ನಕ್ಷೆ ತೋರಿಸುವ ಪ್ಲಾಟರ್, ಆಟೊಪೈಲಟ್ ಎಲ್ಲ ಆಫ್ ಮಾಡಿ. ವಿಎಚ್‌ಎಫ್, ರಾತ್ರಿಯ ದೀಪ ಇಷ್ಟೇ ಉಳಿಯಲಿ. ಆಮೇಲೆ ಮಲ್ಟಿಮೀಟರ್ ಹಿಡಿದು ಬ್ಯಾಟರಿಯಿಂದಲೇ ಶುರು ಮಾಡಿ ಹೊರಕ್ಕೆ ಬನ್ನಿ: ಬ್ಯಾಟರಿ, ಮುಖ್ಯ ಫ್ಯೂಸ್, ಸ್ವಿಚ್, ಪ್ಯಾನಲ್, ಉಪಕರಣ. ಕೆಟ್ಟ ಉಪಕರಣದಿಂದ ಶುರು ಮಾಡಿ ಅದನ್ನು ಪೂರ್ತಿ ಬಿಚ್ಚಿಡುತ್ತಾರೆ. ಕೊನೆಗೆ ನೋಡಿದರೆ ತಪ್ಪಿದ್ದು ಹಸಿರು ಕಿಲುಬು ಹಿಡಿದ ನೆಗೆಟಿವ್ ತಂತಿಯಲ್ಲಿ.

ಲೆಡ್-ಆಸಿಡ್ ಬ್ಯಾಟರಿ ವಿಶ್ರಾಂತಿಯಲ್ಲಿ 12.7 ವೋಲ್ಟ್ ಇದ್ದರೆ ತುಂಬಿದೆ, 12.2ರ ಸುಮಾರಿಗೆ ಅರ್ಧ ಖಾಲಿ. ಚಾರ್ಜ್ ಆಗುವಾಗ 13.8ರಿಂದ 14.4 ತೋರಿಸಬೇಕು. ಎಂಜಿನ್ ಓಡುತ್ತಿದ್ದರೂ 12.5ರಲ್ಲೇ ನಿಂತಿದ್ದರೆ ಆಲ್ಟರ್ನೇಟರ್ ಅಥವಾ ಬೆಲ್ಟ್ ನೋಡಿ. ಲಿಥಿಯಂ ಬ್ಯಾಟರಿಗೆ ಈ ಲೆಕ್ಕ ನಡೆಯುವುದಿಲ್ಲ, ಅದು ಖಾಲಿಯಾಗುವ ಹೊತ್ತಿನವರೆಗೂ ವೋಲ್ಟೇಜ್ ಹೆಚ್ಚು ಇಳಿಸುವುದಿಲ್ಲ.

ಪ್ರತಿ ಗಂಟೆ ಅಕ್ಷಾಂಶ, ರೇಖಾಂಶವನ್ನು ಕಾಗದದ ಮೇಲೆ ಬರೆಯುವ ಅಭ್ಯಾಸ ಇದ್ದವರಿಗೆ ಕರೆಂಟ್ ಹೋದ ರಾತ್ರಿ ಅಷ್ಟು ಕಷ್ಟವಾಗುವುದಿಲ್ಲ.

### ಎಂಜಿನ್ ಮತ್ತು ಕುಡಿಯುವ ನೀರು

ಅಲೆಯಲ್ಲಿ ಡೀಸೆಲ್ ಎಂಜಿನ್ ಉಸಿರುಕಟ್ಟಿ ನಿಂತರೆ ಮೊದಲ ಅನುಮಾನ ಫಿಲ್ಟರ್ ಮೇಲೆ. ಟ್ಯಾಂಕಿನ ತಳದ ಕೊಳೆ ಕದಡಿ ಬಂದಿರುತ್ತದೆ. ಫಿಲ್ಟರ್ ಬದಲಿಸಿ, ಗಾಳಿ ತೆಗೆಯುವ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೂ ಕೈಪಂಪ್ ಒತ್ತಿ, ಬಿಗಿಯಿರಿ.

ಇಲ್ಲಿ ಒಂದು ಎಚ್ಚರಿಕೆ ಎಂಜಿನ್ ಉಳಿಸುತ್ತದೆ. ಸ್ಟಾರ್ಟ್ ಆಗದ ಎಂಜಿನನ್ನು ಮತ್ತೆ ಮತ್ತೆ ಸ್ಟಾರ್ಟರ್‌ನಿಂದ ತಿರುಗಿಸಿದರೆ ಸಮುದ್ರದ ನೀರು ಎಕ್ಸಾಸ್ಟ್‌ಗೆ ತುಂಬುತ್ತಾ ಹೋಗುತ್ತದೆ. ಹೊರಗೆ ತಳ್ಳಲು ಹೊಗೆಯ ಒತ್ತಡ ಇರುವುದಿಲ್ಲ. ಕೊನೆಗೆ ಆ ನೀರು ಸಿಲಿಂಡರ್ ಒಳಗೇ ಹೋಗುತ್ತದೆ. ಜಾಸ್ತಿ ಹೊತ್ತು ತಿರುಗಿಸಬೇಕಾದರೆ ತಂಪು ನೀರಿನ ವಾಲ್ವ್ ಮುಚ್ಚಿ, ಎಂಜಿನ್ ಹಿಡಿದ ಕೂಡಲೇ ತೆರೆಯಿರಿ. ಮರೆಯದಿರಲು ವಾಲ್ವ್ ಮುಚ್ಚಿದವರು ಅದರ ಪಕ್ಕವೇ ನಿಂತಿರಲಿ.

ಸಮುದ್ರದ ನೀರನ್ನು ಕುಡಿಯುವಂತೆ ಮಾಡುವ ವಾಟರ್‌ಮೇಕರ್ ಕೆಟ್ಟರೆ ಅಂದೇ ನೀರಿನ ಲೆಕ್ಕ ಹಾಕಿ. ತಲೆಗೆ ದಿನಕ್ಕೆ ಮೂರು ಲೀಟರ್‌ಗಿಂತ ಕಡಿಮೆ ಮಾಡಬೇಡಿ. ಬಿಸಿ ಪ್ರದೇಶದಲ್ಲಿ ಇನ್ನೂ ಬೇಕು. ಮಳೆ ಬಂದರೆ ಮೊದಲ ಸುತ್ತಿನ ನೀರು ಹಾಯಿಯ ಉಪ್ಪು ತೊಳೆದು ಹೋಗಲಿ, ಆಮೇಲೆ ಹಿಡಿಯಿರಿ.

## ಹಂತ 6: ರಿಪೇರಿಯನ್ನು ನಂಬಬೇಡಿ, ಪರೀಕ್ಷಿಸಿ

ಪೂರ್ತಿ ಹಾಯಿ ಏರಿಸಿ ಹೊರಟುಬಿಡಬೇಡಿ. ಅರ್ಧ ಭಾರ ಹಾಕಿ ಹತ್ತು ನಿಮಿಷ ನಡೆಸಿ, ನೋಡಿ. ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಆಮೇಲೆ ಪ್ರತಿ ಪಾಳಿ ಬದಲಾಗುವಾಗ ನೋಡಿ.

ನೋಡುವುದಕ್ಕೂ ಒಂದು ವಿಧಾನವಿದೆ. ಕ್ಲ್ಯಾಂಪ್ ಅಥವಾ ಗಂಟಿನಿಂದ ಹೊರಬರುವ ಜಾಗದಲ್ಲಿ ಮಾರ್ಕರ್ ಪೆನ್ನಿನಿಂದ ಹಗ್ಗಕ್ಕೆ, ತಂತಿಗೆ ಒಂದು ಗೆರೆ ಹಾಕಿ. ಬೋಲ್ಟ್‌ನಿಂದ ಪಕ್ಕದ ಲೋಹದವರೆಗೆ ಇನ್ನೊಂದು ಗೆರೆ. ಮುಂದಿನ ಸಲ ಬಂದಾಗ ಗೆರೆ ಸರಿದಿದ್ದರೆ ಜಾರುತ್ತಿದೆ, ಸಡಿಲವಾಗುತ್ತಿದೆ. ಕಣ್ಣಂದಾಜಿಗೆ ಸಿಗದ ಎರಡು ಮಿ.ಮೀ. ಕೂಡ ರಾತ್ರಿ ಟಾರ್ಚ್ ಬೆಳಕಿನಲ್ಲಿ ಕಾಣುತ್ತದೆ.

ಹೊಸ ಸದ್ದು, ಹೊಸ ವಾಸನೆ, ಕೈಗೆ ಬಿಸಿ ತಾಗುವ ತಂತಿ: ಇವುಗಳಲ್ಲಿ ಯಾವುದು ಕಂಡರೂ ಒಂದನೇ ಹಂತಕ್ಕೆ ವಾಪಸ್.

## ಹಂತ 7: ದಾರಿ ಬದಲಿಸಿ

ತಾತ್ಕಾಲಿಕ ರಿಪೇರಿ ಮಾಡಿ ಹಳೆಯ ದಾರಿಯಲ್ಲೇ ಹೋಗುವುದು ದೊಡ್ಡ ತಪ್ಪು. ಈಗ ನೋಡಬೇಕಾದದ್ದು ಹತ್ತಿರದ ಬಂದರು ಯಾವುದು ಎಂದಲ್ಲ, ಈ ದೋಣಿ ಈ ಗಾಳಿಯಲ್ಲಿ ಸುಲಭವಾಗಿ ತಲುಪುವ ಬಂದರು ಯಾವುದು ಎಂದು. ಗಾಳಿಗೆ ಎದುರಾಗಿ 200 ಮೈಲಿ ಹೋಗುವುದಕ್ಕಿಂತ ಗಾಳಿ ಬೆನ್ನಿಗಿಟ್ಟು 500 ಮೈಲಿ ಹೋಗುವುದು ಕುಂಟುವ ದೋಣಿಗೆ ಹಗುರ.

ಬಂದರಿನ ಬಾಯಿಯೂ ಮುಖ್ಯ. ಅರಬ್ಬೀ ಸಮುದ್ರದಿಂದ ನಮ್ಮ ಕರಾವಳಿಗೆ ಬರುವವರು ಇದನ್ನು ಗಮನಿಸಿ. ಗಂಗೊಳ್ಳಿ, ಹೊನ್ನಾವರದಂಥ ಅಳಿವೆ ಬಾಯಿಗಳಲ್ಲಿ ಮರಳು ದಿಬ್ಬವಿದೆ, ಅಲೆ ಅಲ್ಲೇ ಒಡೆಯುತ್ತದೆ. ದಿನಾ ಹೋಗಿಬರುವ ಮೀನುಗಾರರ ದೋಣಿಗಳೇ ಅಲ್ಲಿ ಅಪಾಯಕ್ಕೆ ಸಿಕ್ಕಿವೆ. ಚುಕ್ಕಾಣಿ ಸರಿಯಿಲ್ಲದ ಹಾಯಿದೋಣಿಗೆ ಅದು ದಾರಿಯೇ ಅಲ್ಲ. ಪಣಂಬೂರಿನ ನವಮಂಗಳೂರು ಬಂದರು, ಕಾರವಾರ, ಗೋವಾದ ಮೊರ್ಮುಗಾವ್ ಇಂಥವನ್ನು ಆರಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಳೆಗಾಳಿ ದೋಣಿಯನ್ನು ದಡಕ್ಕೇ ತಳ್ಳುತ್ತದೆ, ಆ ಕಾಲದಲ್ಲಿ ಈ ತೀರಕ್ಕೆ ಕುಂಟುತ್ತಾ ಬರುವ ಯೋಜನೆಯೇ ಬೇಡ.

ಬಂದರಿಗೆ ಹಗಲಲ್ಲೇ ಪ್ರವೇಶಿಸಿ. ಕತ್ತಲಾದರೆ ಹೊರಗೆ, ಆಳ ನೀರಿನಲ್ಲಿ ಬೆಳಗಿನವರೆಗೂ ಕಾಯಿರಿ. ಮೊದಲೇ ರೇಡಿಯೊದಲ್ಲಿ ಹೇಳಿ ಎಳೆಯುವ ದೋಣಿ ಕೇಳಿ. ಲಂಗರು ಹೊರತೆಗೆದು ಬಿಡಲು ತಯಾರಾಗಿಟ್ಟುಕೊಳ್ಳಿ. ಚುಕ್ಕಾಣಿ ಮತ್ತೆ ಕೈಕೊಟ್ಟರೆ ದೋಣಿಯನ್ನು ನಿಲ್ಲಿಸುವುದು ಅದೊಂದೇ.

## ಹಂತ 8: ತಲುಪಿದ ಮೇಲೆ

ಲಂಗರು ಹಿಡಿದ ಕೂಡಲೇ, ಸ್ನಾನ ಊಟಕ್ಕೆ ಮೊದಲು, ಯಾರಿಗೆಲ್ಲ ತೊಂದರೆಯ ಸುದ್ದಿ ಕೊಟ್ಟಿದ್ದಿರೋ ಅವರಿಗೆಲ್ಲ ತಲುಪಿದ್ದೇವೆ ಎಂದು ಹೇಳಿ. ಮುಂಬೈ, ಚೆನ್ನೈ, ಶ್ರೀ ವಿಜಯಪುರಂನಲ್ಲಿ (ಹಿಂದಿನ ಪೋರ್ಟ್ ಬ್ಲೇರ್) ಕೋಸ್ಟ್ ಗಾರ್ಡ್‌ನ ರಕ್ಷಣಾ ಸಮನ್ವಯ ಕೇಂದ್ರಗಳಿವೆ. ಕೋಸ್ಟ್ ಗಾರ್ಡ್‌ನ ಸಹಾಯವಾಣಿ 1554. ನೀವು ಹೇಳುವವರೆಗೆ ಅವರ ಪಾಲಿಗೆ ನೀವಿನ್ನೂ ತೊಂದರೆಯಲ್ಲೇ ಇದ್ದೀರಿ. ಆ ದಾರಿಯಲ್ಲಿ ಹೋಗುವ ಹಡಗುಗಳಿಗೆ ನಿಮ್ಮನ್ನು ಹುಡುಕಲು ಹೇಳಿರಬಹುದು. ಎಪರ್ಬ್ ಆನ್ ಮಾಡಿದ್ದರೆ, ರಕ್ಷಣಾ ಕೇಂದ್ರದವರು ಹೇಳಿದ ಮೇಲೆ ಮಾತ್ರ ಆಫ್ ಮಾಡಿ.

ಮುರಿದ ತುಂಡನ್ನು ಎಸೆಯಬೇಡಿ. ಫೋಟೊ, ಲಾಗ್‌ಬುಕ್ಕಿನ ಬರಹದ ಜತೆ ಅದನ್ನೂ ರಿಪೇರಿಯವರ ಕೈಗೆ ಕೊಡಿ. ಡೈನೀಮಾ, ಕ್ಲ್ಯಾಂಪ್, ಎಪಾಕ್ಸಿ ಏನೇನು ಖರ್ಚಾಗಿದೆಯೋ ಅದರ ಪಟ್ಟಿ ಅದೇ ದಿನ ಬರೆದು, ಮುಂದಿನ ಹೊರಡುವಿಕೆಗೆ ಮೊದಲು ತಂದು ಅದೇ ಜಾಗದಲ್ಲಿ ಇಡಿ.